ಹೊಳೆಯುವ ಬೀಜ

ಬಾಗಿಲು ತೆರೆದವನೇ ಎಲಾದಿಯೊ ಹೇಳಿದ:
"ಚಾಕು ಹಾಕಿ ನೋಡಿದೆ. ಜಗ್ಗಲಿಲ್ಲ."
ತಪ್ಪೊಪ್ಪಿಗೆಯಲ್ಲ, ವರದಿ.
ಹಿಹೋನ್ ಬಂದರಿನಲ್ಲಿ ಮೂವತ್ತೆಂಟು ವರ್ಷ ಕ್ರೇನ್ ನಡೆಸಿದವನು;
ಕೆಟ್ಟು ನಿಂತ ಯಂತ್ರದ ಮುಂದೆ
ಕೈಕಟ್ಟಿ ಕೂರುವ ಜಾಯಮಾನವಲ್ಲ.

ನಾನು ಮೊದಲು ಹೋದದ್ದು ಗೋಡೆಯ ಹತ್ತಿರ.
ಪ್ಲಗ್ ಇನ್ನೂ ಕಚ್ಚಿಕೊಂಡೇ ಇತ್ತು.
ಕಿತ್ತು ಅವನ ಅಂಗೈಯಲ್ಲಿಟ್ಟೆ.
"ಇದನ್ನು ಹಿಡಿದುಕೊಂಡಿರಿ,
ನಾನು ಕೇಳುವ ತನಕ ಯಾರಿಗೂ ಕೊಡಬೇಡಿ.
ಒಳಗಿನ ಹಲ್ಲು ನಿಂತಿದೆ ಅಂದುಕೊಂಡಿರಿ,
ಅದು ನಿಂತಿಲ್ಲ. ಸಿಕ್ಕಿಕೊಂಡು ಕಾಯುತ್ತಿದೆ.
ಬೆರಳೂ ಅದಕ್ಕೆ ಬೀಜವೇ."

ಮೆಷಿನ್ ಹೊಸದು. ಸ್ಕಿಟಲ್ಸ್ ಸಂಘದ ಲಾಟರಿಯಲ್ಲಿ ಎರಡನೇ ಬಹುಮಾನ.
ಮೊದಲನೆಯದು ಒಣಗಿಸಿದ ಹಂದಿತೊಡೆಯಂತೆ;
ಆ ದುಃಖ ಇನ್ನೂ ಆರಿಲ್ಲ.

ಮುಚ್ಚಳ ತೆಗೆದೆ.
ಸುಟ್ಟ ಸಕ್ಕರೆಯ ಘಮ ಮುಖಕ್ಕೆ ರಾಚಿತು.
ಒಂದೊಂದು ಬೀಜವೂ
ಮದುವೆಗೆ ಹೊರಟವನ ಬೂಟಿನ ಹಾಗೆ ಮಿರಮಿರ.
ಹುರಿಯುವಾಗಲೇ ಸಕ್ಕರೆ ಸುರಿದು
ಅದು ಕರಗಿ, ಕಪ್ಪಾಗಿ, ಮೈಗಂಟಿದ ಬೀಜ.
ಕಾಫಿ ಸಿಗದ ವರ್ಷಗಳಲ್ಲಿ
ಒಂದು ಹಿಡಿಯನ್ನು ಎರಡು ಹಿಡಿ ಅನ್ನಿಸಿದ ಉಪಾಯ,
ಹಸಿವು ಹೋದ ಮೇಲೂ ನಾಲಿಗೆ ಬಿಡಲಿಲ್ಲ.

"ಬಾಯಿಗೆ ಇದು ನಿಮ್ಮ ಅಮ್ಮನ ಅಡುಗೆಮನೆ," ಎಂದೆ,
"ಬೀಸುವ ಹಲ್ಲಿಗೆ ಡಾಂಬರು."

ಉಳಿದ ಬೀಜವನ್ನು ವ್ಯಾಕ್ಯೂಮ್ ಹಾಕಿ ಎಳೆದೆ.
ಮೇಲಿನ ಹಲ್ಲುಬಳೆ ತಿರುಗಿಸಿದೆ, ಬಿಚ್ಚಿಕೊಂಡಿತು.
ನೀರು ತಾಗಿಸದೆ, ಒಣ ಬ್ರಶ್ಶು, ಒಂದು ಮರದ ಕಡ್ಡಿ;
ಹಲ್ಲಿನ ಸಂದು ಸಂದಿನಿಂದ ಕರಿ ಅಂಟು ಕೆರೆಯುತ್ತ
ಕಥೆ ಹೇಳಿದೆ: ಹೋದ ತಿಂಗಳು
ಒಬ್ಬ ದಂತವೈದ್ಯೆ ನೀರಿನ ಟ್ಯಾಂಕಿಗೇ
ಕಾಲು ಕಿಲೋ ಬೀಜ ಸುರಿದಿದ್ದಳು, ಕನ್ನಡಕವಿಲ್ಲದೆ.
ಇನ್ನೊಬ್ಬ, ಪುಡಿ ಹಾಕುವ ಪುಟ್ಟ ಬಾಯಿಗೆ ಇಡೀ ಬೀಜ ತುರುಕಿದವನು,
ತಪ್ಪು ನನ್ನದೇ ಎಂಬಂತೆ ಜಗಳಕ್ಕೆ ನಿಂತಿದ್ದ.
ಎಲಾದಿಯೊ ನಗಲಿಲ್ಲ.
ಪ್ಲಗ್ ಹಿಡಿದು ನಿಂತಿದ್ದ, ಕಾವಲಿನವನ ಹಾಗೆ.

ಚಿಮುಟಕ್ಕೆ ಕೊನೆಗೆ ಸಿಕ್ಕಿದ್ದು ಬೀಜವಲ್ಲ.
ಕಲ್ಲು.
ಬೀಜದಷ್ಟೇ ಗಾತ್ರ, ಬೀಜದ್ದೇ ಬಣ್ಣ,
ನಡುವಿನ ಗೀಟು ಮಾತ್ರ ಇಲ್ಲ.
ಚಾಕು ಸೋತದ್ದು ಇದಕ್ಕೆ.

ನಲ್ಲಿಯಲ್ಲಿ ತೊಳೆದು, ಕಿಟಕಿಗೆ ಹಿಡಿದು,
"ಬ್ರೆಜಿಲಿನದು," ಎಂದ.
ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ.
"ಒಂದು ಎತ್ತಿಗೆ ಇಪ್ಪತ್ತು ಚೀಲ.
ದಿನಕ್ಕೆ ಎಷ್ಟು ಎತ್ತೋ, ಯಾರು ಲೆಕ್ಕ ಇಟ್ಟರು.
ಎಷ್ಟು ಕಲ್ಲು ಇಳಿಸಿದೆನೋ ನಿಯೆವೆಸ್,
ಕಾಫಿ ಅಂದುಕೊಂಡು."

ಚೀಲದಿಂದ ನನ್ನ ಬೀಜ ತೆಗೆದೆ.
ಮಂಕು ಕಂದು, ಎಣ್ಣೆಯಿಲ್ಲ, ಹೊಳಪಿಲ್ಲ;
ಬೆರಳಲ್ಲಿ ಉಜ್ಜಿದರೆ ಬೆರಳು ಬೆರಳಾಗಿಯೇ ಉಳಿಯುತ್ತದೆ.
"ತಟ್ಟೆಯಲ್ಲಿ ಹರಡಿ. ಮಸೂರ ಬೇಳೆ ಆರಿಸಿದ ಹಾಗೆ ಆರಿಸಿ.
ಎರಡು ದಿನಕ್ಕಾಗುವಷ್ಟೇ ಸುರಿಯಿರಿ, ಮುಚ್ಚಳ ಮುಚ್ಚಿ."
ಅವನು ಆರಿಸಿದ. ಬಂದರಿನ ಬೆರಳು,
ಒಂದೊಂದನ್ನೂ ಮಗುಚಿ ಗೀಟು ನೋಡಿ.
ಕತ್ತಲಾಗುತ್ತಿತ್ತು; ನನಗೆ ಇನ್ನೂ ಎರಡು ಮನೆ ಬಾಕಿ.

ಪ್ಲಗ್ ಕೇಳಿದೆ. ಕೊಟ್ಟ. ಬೆವರಿತ್ತು.

ಮೆಷಿನ್ ಕೆಮ್ಮಿತು, ಬೀಸಿತು, ಇಳಿಸಿತು.
ಒಂದು ಗುಟುಕು ಕುಡಿದು ತುಸು ಹೊತ್ತು ಸುಮ್ಮನಿದ್ದ.
"ಚೆನ್ನಾಗಿದೆ," ಎಂದ,
"ಬೇರೆ ಯಾರದೋ ಮನೆಯಲ್ಲಿ ಕುಡಿದ ಹಾಗೆ."

ಕಪಾಟಿನ ಮೇಲಿತ್ತು ಕೈತಿರುಗಣೆಯ ಹಳೇ ಗಿರಣಿ.
ಅದರ ಹಲ್ಲು ಡಾಂಬರು ತಿಂದೇ ಬೆಳೆದದ್ದು.
ಕರಿ ಸಕ್ಕರೆಯ ಡಬ್ಬಿಯನ್ನು ಅದರ ಪಕ್ಕಕ್ಕೆ ಸರಿಸಿದೆ;
ಅವನು ಇನ್ನಷ್ಟು ಹತ್ತಿರ ಸರಿಸಿದ.

ರಸೀದಿ ಬರೆದೆ: ಹಲ್ಲು ಶುದ್ಧಿ, ಒಂದು ತಾಸು.
ಬಿಡಿಭಾಗ, ಯಾವುದೂ ಇಲ್ಲ.
ಕೆಳಗೆ ಇನ್ನೊಂದು ಸಾಲು, ಅವನೇ ಹೇಳಿ ಬರೆಸಿದ್ದು:
ಕಲ್ಲು, ಒಂದು. ಮಾಲೀಕರಿಗೆ ಹಿಂದಿರುಗಿಸಿದೆ.